ಮಂಡಿಯಲ್ಲಿ ರಕ್ತ: ಊದಿದ್ದು ಎಷ್ಟು ಹೊತ್ತಿಗೆ?

ಮುಳಬಾಗಿಲು ಕಡೆ ಮಂಡಿ ಊದಿಸಿಕೊಂಡು ಕೂತವರಿಗೆ ಸಲಹೆಗೆ ಬರವಿಲ್ಲ. ವಡ್ಡಹಳ್ಳಿ ಮಾರುಕಟ್ಟೆಯಲ್ಲಿ ಲಾರಿಗೆ ಟೊಮೆಟೊ ಬಾಕ್ಸ್ ಏರಿಸುವಾಗ ಕಾಲು ತಿರುಚಿಕೊಂಡ ಹಮಾಲಿ ಇರಲಿ, ಜಾತ್ರೆ ಕಬಡ್ಡಿಯಲ್ಲಿ ಹಿಡಿತ ಬಿಡಿಸಿಕೊಳ್ಳಲು ಹೋಗಿ ಬಿದ್ದ ಹುಡುಗ ಇರಲಿ, ನಂಗಲಿ ಹೆದ್ದಾರಿಯಲ್ಲಿ ಬೈಕಿನಿಂದ ಉರುಳಿದವನಿರಲಿ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೂರು ನಾಲ್ಕು ಬಗೆಯ ಚಿಕಿತ್ಸೆ ಆಗಿಯೇ ಇರುತ್ತದೆ. ಒಬ್ಬರು ಹರಳೆಣ್ಣೆ ಕಾಯಿಸಿ ತರುತ್ತಾರೆ. ಇನ್ನೊಬ್ಬರು ಪುತ್ತೂರಿಗೆ ಹೋಗುವ ಬಸ್ಸಿನ ಹೊತ್ತು ಹೇಳುತ್ತಾರೆ. ಮತ್ತೊಬ್ಬರು ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರಿಸುತ್ತಾರೆ. ಯಾರೂ ಕೇಳದ ಪ್ರಶ್ನೆ ಒಂದೇ: ಪೆಟ್ಟು ಬಿದ್ದ ಎಷ್ಟು ಹೊತ್ತಿಗೆ ಊದಿತು?

ಆರೋಗ್ಯವಂತರ ಮಂಡಿಯ ಕೀಲಿನೊಳಗೆ ಇರುವುದು ಒಂದು ಚಮಚವೂ ತುಂಬದಷ್ಟು ಜಿಗುಟಾದ ದ್ರವ, ಹೆಚ್ಚೆಂದರೆ 4 ಮಿಲಿ. ಒಳಗೆ ಏನಾದರೂ ಹರಿದರೆ ಅಥವಾ ಮುರಿದರೆ ಅದೇ ಜಾಗಕ್ಕೆ 50, 100 ಮಿಲಿ ರಕ್ತ ನುಗ್ಗಬಹುದು. ಇದಕ್ಕೆ ವೈದ್ಯರು ಹೆಮಾರ್ಥ್ರೋಸಿಸ್ ಎನ್ನುತ್ತಾರೆ. ಕೀಲಿನೊಳಗೆ ರಕ್ತ ಸೇರಿದೆ ಎಂದರೆ ಸಾಕು. ಇದರ ಸುತ್ತ ನಮ್ಮಲ್ಲಿ ಬೆಳೆದಿರುವ ನಂಬಿಕೆಗಳಲ್ಲಿ ಕೆಲವು ನಿರುಪದ್ರವಿ, ಕೆಲವು ಕಾಲಿಗೇ ಕುತ್ತು ತರುವಂಥವು.

“ಉಳುಕಿದೆ ಅಷ್ಟೆ, ನೀರು ತುಂಬಿಕೊಂಡಿದೆ”

ಕೀಲಿನಲ್ಲಿ ನೀರು ತುಂಬುವುದೂ ಉಂಟು, ರಕ್ತ ತುಂಬುವುದೂ ಉಂಟು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ಗಡಿಯಾರದಿಂದ. ಪೆಟ್ಟಾದ ಒಂದೆರಡು ಗಂಟೆಯೊಳಗೆ ಮಂಡಿ ಬಿಗಿದು, ಚಿಪ್ಪಿನ ಗೆರೆಯೇ ಕಾಣದಂತೆ ಊದಿದರೆ ಒಳಗಿರುವುದು ಬಹುಪಾಲು ರಕ್ತ. ರಾತ್ರಿ ಮಲಗಿ ಬೆಳಿಗ್ಗೆ ಎದ್ದಾಗ ಊದಿಕೊಂಡಿದ್ದರೆ ಸಾಮಾನ್ಯವಾಗಿ ಅದು ಕೀಲಿನ ಪೊರೆ ಕೆರಳಿ ಸುರಿಸಿದ ದ್ರವ.

“ಯಾವಾಗ ಊದಿತಪ್ಪಾ?”
“ಬಿದ್ದ ಅರ್ಧ ಗಂಟೆಗೇ ಸಾರ್. ಪ್ಯಾಂಟ್ ಮಡಚೋಕೂ ಆಗಲಿಲ್ಲ.”
“ಬೀಳುವಾಗ ಒಳಗೆ ಟಕ್ ಅಂತ ಏನಾದ್ರೂ ಅನ್ನಿಸ್ತಾ?”
“ಹೂಂ ಸಾರ್, ಪಕ್ಕದಲ್ಲಿದ್ದವನಿಗೂ ಕೇಳಿಸ್ತಂತೆ.”

ಮೂಳೆ ವೈದ್ಯರ ಕೋಣೆಯಲ್ಲಿ ಇಷ್ಟು ಮಾತು ಮುಗಿಯುವಷ್ಟರಲ್ಲಿ ಅರ್ಧ ರೋಗನಿರ್ಣಯ ಆಗಿಹೋಗಿರುತ್ತದೆ. ಮಂಡಿಯ ನಡುವೆ ತೊಡೆ ಮೂಳೆಯನ್ನೂ ಕಣಕಾಲ ಮೂಳೆಯನ್ನೂ ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟಿಗೆ ಒಳ್ಳೆಯ ರಕ್ತ ಸರಬರಾಜಿದೆ. ಅದು ಹರಿದರೆ ಕೀಲು ಬೇಗ ತುಂಬುತ್ತದೆ. 1980ರಲ್ಲಿ ಅಮೆರಿಕದ ಫ್ರಾಂಕ್ ನೋಯೆಸ್ ಮತ್ತು ಸಂಗಡಿಗರು ಹೀಗೆ ರಕ್ತ ತುಂಬಿದ 85 ಮಂಡಿಗಳೊಳಗೆ ದುರ್ಬೀನು ಇಳಿಸಿ ನೋಡಿದರು. ಶೇಕಡಾ 72ರಷ್ಟು ಮಂಡಿಗಳಲ್ಲಿ ಎಸಿಎಲ್‌ಗೆ ಏಟಾಗಿತ್ತು. ಮಂಡಿಚಿಪ್ಪು ಪಕ್ಕಕ್ಕೆ ಜಾರಿ ತಾನೇ ಮರಳಿ ಕೂರುವುದು ಇನ್ನೊಂದು ದೊಡ್ಡ ಕಾರಣ. ಹದಿಹರೆಯದ ಮಕ್ಕಳಲ್ಲಂತೂ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ಮೆನಿಸ್ಕಸ್ ಎಂಬ ಮೆತ್ತೆಯ ಹೊರ ಅಂಚು ಕಿತ್ತುಬಂದಾಗ, ಕೀಲಿನೊಳಗಿನ ಮೂಳೆ ಬಿರುಕು ಬಿಟ್ಟಾಗಲೂ ರಕ್ತ ಸೋರುತ್ತದೆ.

ಹಾಗಾಗಿ ಮಂಡಿಯಲ್ಲಿ ರಕ್ತ ತುಂಬುವುದೇ ಕಾಯಿಲೆ ಎಂದುಕೊಂಡು ಅದನ್ನು ಕರಗಿಸಲು ಹೊರಡುವುದು ತಲೆಕೆಳಗಾದ ಲೆಕ್ಕ. ಒಳಗೆ ಏನು ಹರಿದಿದೆ ಎನ್ನುವುದು ಚಿಕಿತ್ಸೆಗೆ ಮುಖ್ಯ.

“ಊತ ಕಡಿಮೆ ಇದ್ದರೆ ಪೆಟ್ಟೂ ಕಡಿಮೆ”

ಇದು ಕೇಳಲು ಸರಿ ಎನಿಸುತ್ತದೆ, ಆದರೆ ಅಪಾಯಕಾರಿ. ಪೆಟ್ಟು ತೀರಾ ಜೋರಾಗಿದ್ದರೆ ಕೀಲನ್ನು ಸುತ್ತುವರಿದ ಚೀಲವೇ ಹರಿದು, ಒಳಗಿನ ರಕ್ತ ಮೀನಖಂಡದ ಕಡೆಗೆ ಇಳಿದುಬಿಡುತ್ತದೆ. ಆಗ ಮಂಡಿ ಅಷ್ಟೇನೂ ಊದುವುದಿಲ್ಲ. ಬೈಕ್ ಅಪಘಾತದಲ್ಲಿ ಮಂಡಿ ಕಳಚಿ ತಾನಾಗಿ ಕೂತಿರುವ ಪ್ರಕರಣಗಳಲ್ಲಿ ಹೀಗಾಗುತ್ತದೆ. ಅಂಥ ಏಟಿನಲ್ಲಿ ಮಂಡಿಯ ಹಿಂದಿನ ದೊಡ್ಡ ರಕ್ತನಾಳಕ್ಕೂ ಗಾಯವಾಗಿರಬಹುದು. ಪಾದ ತಣ್ಣಗಿದ್ದರೆ, ಬಣ್ಣ ಬಿಳಿಚಿದ್ದರೆ, ಬೆರಳು ಆಡದಿದ್ದರೆ, ಸ್ಪರ್ಶ ತಿಳಿಯದಿದ್ದರೆ ಎಣ್ಣೆ, ಕಟ್ಟು, ಯಾವ ಯೋಚನೆಯೂ ಬೇಡ. 108ಕ್ಕೆ ಕರೆ ಮಾಡಿ. ಸುಮಾರು ಆರು ಗಂಟೆಯೊಳಗೆ ರಕ್ತದ ಹರಿವು ಸರಿಹೋಗದಿದ್ದರೆ ಕಾಲನ್ನೇ ಕಳೆದುಕೊಳ್ಳುವ ಸಂಭವ ಹೆಚ್ಚು.

“ಹೆಪ್ಪುಗಟ್ಟಿದ ರಕ್ತವನ್ನು ಬಿಸಿ ಮಾಡಿ, ನೀವಿ ಕರಗಿಸಬೇಕು”

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ ಇದು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು.

ಕೀಲಿಗೆ ಬಿದ್ದ ರಕ್ತ ಗಾಯದ ರಕ್ತದ ಹಾಗೆ ಗಟ್ಟಿಯಾಗಿ ಕೂರುವುದು ಕಡಿಮೆ. ಕೀಲಿನ ಒಳಪೊರೆ ಹೆಪ್ಪನ್ನು ಕರಗಿಸುವ ದ್ರವ್ಯಗಳನ್ನು ತಾನೇ ಬಿಡುಗಡೆ ಮಾಡುತ್ತದೆ. ವೈದ್ಯರು ಸೂಜಿ ಹಾಕಿದಾಗ ಎಷ್ಟೋ ಸಲ ದ್ರವರೂಪದ ರಕ್ತವೇ ಬರುವುದು ಇದಕ್ಕೇ. ಶಾಖ ಕೊಟ್ಟರೆ ರಕ್ತನಾಳಗಳು ಹಿಗ್ಗುತ್ತವೆ. ಸೋರುವುದು ನಿಂತಿದ್ದರೆ ಮತ್ತೆ ಶುರುವಾಗಬಹುದು. ಜೋರಾಗಿ ನೀವಿದರೆ ಅರ್ಧ ಹರಿದದ್ದು ಪೂರ್ತಿ ಹರಿಯಬಹುದು, ಬಿರುಕು ಬಿಟ್ಟ ಮೂಳೆ ಸ್ಥಾನ ತಪ್ಪಬಹುದು. ಪೆಟ್ಟಾದ ತೊಡೆಯ ಸ್ನಾಯುವನ್ನು ದಿನವೂ ತಿಕ್ಕಿಸಿಕೊಂಡರೆ ಸ್ನಾಯುವಿನೊಳಗೆ ಮೂಳೆಯೇ ಬೆಳೆದು ಮಂಡಿ ಮಡಚಲು ಬಾರದ ಸ್ಥಿತಿಯೂ ಬರುತ್ತದೆ.

ಮೊದಲ ಎರಡು ಮೂರು ದಿನ ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ. ಕಾಲಿನ ಮೇಲೆ ಭಾರ ಹಾಕಬೇಡಿ. ಐಸನ್ನು ಟವೆಲ್‌ನಲ್ಲಿ ಸುತ್ತಿ 15–20 ನಿಮಿಷ ಇಡಿ, ಎರಡು ಮೂರು ಗಂಟೆಗೊಮ್ಮೆ ಹೀಗೆ ಮಾಡಿ. ಐಸನ್ನು ಬರಿಯ ಚರ್ಮದ ಮೇಲೆ ಇಡಬಾರದು. ಕ್ರೇಪ್ ಬ್ಯಾಂಡೇಜನ್ನು ಮಂಡಿಯ ಕೆಳಗಿನಿಂದ ತೊಡೆಯವರೆಗೆ ಸುತ್ತಿ. ಬೆರಳು ಜೋಮು ಹಿಡಿದರೆ ಬಿಗಿ ಹೆಚ್ಚಾಗಿದೆ ಎಂದರ್ಥ. ಮಲಗಿ ಹಿಮ್ಮಡಿಯ ಕೆಳಗೆ ದಿಂಬು ಇಟ್ಟು ಕಾಲನ್ನು ಎದೆಮಟ್ಟಕ್ಕಿಂತ ಎತ್ತರಿಸಿ. ದಿಂಬನ್ನು ಮಂಡಿಯ ಕೆಳಗೆ ಇಟ್ಟರೆ ಹಿತ ಎನಿಸುತ್ತದೆ ನಿಜ, ಆದರೆ ದಿನಗಟ್ಟಲೆ ಹಾಗೆ ಮಲಗಿದರೆ ಮಂಡಿ ಮಡಚಿದ ಸ್ಥಿತಿಯಲ್ಲೇ ಬಿಗಿದುಕೊಳ್ಳುತ್ತದೆ.

“ಪುತ್ತೂರು ಕಟ್ಟು ಇರುವಾಗ ಎಕ್ಸ್‌ರೇ ಏಕೆ?”

ಇದು ದಕ್ಷಿಣ ಕನ್ನಡದ ಪುತ್ತೂರಲ್ಲ. ಗಡಿಯಾಚೆ ಆಂಧ್ರದಲ್ಲಿ, ಹಳೆಯ ಚಿತ್ತೂರು ಜಿಲ್ಲೆಯ ಪುತ್ತೂರು. ಸೊಪ್ಪಿನ ರಸ, ಕೋಳಿಮೊಟ್ಟೆಯ ಬಿಳಿ, ಬಿದಿರ ದಬ್ಬೆ ಸೇರಿದ ಅಲ್ಲಿನ ಕಟ್ಟಿಗೆ ನಮ್ಮ ಸೀಮೆಯಲ್ಲಿ ತಲೆಮಾರುಗಳ ನಂಬಿಕೆಯಿದೆ. ಆ ಹೆಸರಿನ ಫಲಕಗಳು ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಇವೆ. ಕಟ್ಟು ಹಾಕಿಸಿಕೊಂಡು ಗುಣವಾದವರೂ ಬೇಕಾದಷ್ಟು ಜನ. ಏಕೆಂದರೆ ಸ್ಥಾನ ತಪ್ಪದ ಸಣ್ಣ ಬಿರುಕು ಅಲುಗಾಡದಂತೆ ಇಟ್ಟರೆ ಕೂಡಿಕೊಳ್ಳುತ್ತದೆ. ಕಟ್ಟು ಆ ಕೆಲಸ ಮಾಡುತ್ತದೆ. ಅದರ ಶ್ರೇಯಸ್ಸನ್ನು ಕಸಿದುಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ಆದರೆ ಮಂಡಿಯ ಕೀಲು ಮುಂಗೈ ಮೂಳೆಯಲ್ಲ. ಕಣಕಾಲ ಮೂಳೆಯ ಮೇಲ್ಭಾಗ, ಅಂದರೆ ದೇಹದ ಭಾರ ಹೊರುವ ಸಮತಟ್ಟು ಜಾಗ, ಕೆಲವು ಮಿಲಿಮೀಟರ್ ಕುಸಿದರೂ ಮುಂದೆ ಕಾಲು ಸೊಟ್ಟಗಾಗುತ್ತದೆ, ಕೀಲು ಬೇಗ ಸವೆಯುತ್ತದೆ. ಆ ಕುಸಿತ ಕೈಗೆ ಸಿಗುವುದಿಲ್ಲ, ಎಷ್ಟೇ ಪಳಗಿದ ಕೈಯಾದರೂ. ಇನ್ನು ಒಳಗೆ ರಕ್ತ ತುಂಬುತ್ತಿರುವಾಗ ಹೊರಗೆ ಬಿಗಿ ದಬ್ಬೆ ಕಟ್ಟಿದರೆ ಊತಕ್ಕೆ ಹಿಗ್ಗಲು ಜಾಗವಿರದೆ ರಕ್ತದ ಹರಿವೇ ನಿಲ್ಲಬಹುದು. ಕಟ್ಟು ಎಲ್ಲೇ ಹಾಕಿಸಿ, ಅದಕ್ಕೂ ಮೊದಲು ಒಂದು ಎಕ್ಸ್‌ರೇ ಆಗಿರಲಿ ಎನ್ನುವುದು ನನ್ನ ಮಟ್ಟಿಗೆ ಚೌಕಾಸಿಗೆ ಬಿಡಲಾಗದ ಮಾತು.

ಎಲ್ಲ ಮಂಡಿನೋವಿಗೂ ಎಕ್ಸ್‌ರೇ ಬೇಕಿಲ್ಲ ಎಂಬುದೂ ಅಷ್ಟೇ ಸತ್ಯ. ಕೆನಡಾದ ಆಟವಾ ನಗರದ ವೈದ್ಯರು 1990ರ ದಶಕದಲ್ಲಿ ಇದಕ್ಕೊಂದು ಸರಳ ಸೂತ್ರ ಮಾಡಿದರು. ವಯಸ್ಸು 55 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮಂಡಿಚಿಪ್ಪನ್ನಷ್ಟೇ ಒತ್ತಿದಾಗ ನೋವಿದ್ದರೆ, ಮಂಡಿಯ ಹೊರಬದಿ ಕೆಳಗಿನ ಸಣ್ಣ ಮೂಳೆಯ ತಲೆ ನೋಯುತ್ತಿದ್ದರೆ, 90 ಡಿಗ್ರಿ ಮಡಚಲು ಆಗದಿದ್ದರೆ, ಅಥವಾ ಬಿದ್ದಾಗಲೂ ಆಸ್ಪತ್ರೆಯಲ್ಲೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ತೆಗೆಸಬೇಕು. ಈ ಐದರಲ್ಲಿ ಒಂದಿದ್ದರೂ ಸಾಕು.

“ಎಕ್ಸ್‌ರೇ ನಾರ್ಮಲ್ ಬಂತು, ಇನ್ನೇನೂ ಇಲ್ಲ”

ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ. ಲಿಗಮೆಂಟ್, ಮೆನಿಸ್ಕಸ್ ಕಾಣುವುದಿಲ್ಲ. ಈ ಒಂದು ವಾಕ್ಯ ಗೊತ್ತಿಲ್ಲದೆ ವರ್ಷಗಟ್ಟಲೆ ಹರಿದ ಎಸಿಎಲ್ ಇಟ್ಟುಕೊಂಡು ಹೊಲದ ಬದುಗಳಲ್ಲಿ ಬೀಳುತ್ತ ಏಳುತ್ತ ಇರುವವರಿದ್ದಾರೆ. ಎರಡು ಮೂರು ವಾರಕ್ಕೆ ಊತ ಇಳಿಯುತ್ತದೆ, ನಡೆಯಲೂ ಬರುತ್ತದೆ, ಎಲ್ಲ ಸರಿಹೋಯಿತು ಎನಿಸುತ್ತದೆ. ಆಮೇಲೊಂದು ದಿನ ತಿರುವು ತೆಗೆದುಕೊಳ್ಳುವಾಗ ಅಥವಾ ಮೆಟ್ಟಿಲಿಳಿಯುವಾಗ ಮಂಡಿ ಇದ್ದಕ್ಕಿದ್ದಂತೆ ಕೈಕೊಡುತ್ತದೆ. ಹೀಗೆ ಕೈಕೊಟ್ಟಾಗಲೆಲ್ಲ ಮೆನಿಸ್ಕಸ್ ಹರಿಯುವ ಅಪಾಯವಿದೆ.

ನುರಿತ ವೈದ್ಯರು ಕೈಯಿಂದಲೇ ಕಣಕಾಲನ್ನು ಮುಂದಕ್ಕೆಳೆದು ಪರೀಕ್ಷಿಸುತ್ತಾರೆ. ಮೊದಲ ದಿನ ನೋವು ಬಿಗಿತದಿಂದ ಈ ಪರೀಕ್ಷೆ ಸರಿಯಾಗಿ ಆಗದು. ಒಂದು ವಾರ, ಹತ್ತು ದಿನ ಬಿಟ್ಟು ಮತ್ತೆ ಬರಲು ಹೇಳುವುದು ಇದಕ್ಕೆ. “ಸುಮ್ಮನೆ ಅಲೆದಾಡಿಸುತ್ತಾರೆ” ಎಂದು ಆ ಎರಡನೆಯ ಭೇಟಿಯನ್ನು ತಪ್ಪಿಸಬೇಡಿ, ನಿಜವಾದ ಉತ್ತರ ಸಿಗುವುದು ಅಲ್ಲೇ. ಎಂಆರ್‌ಐ ಬೇಕೇ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಬೆಂಗಳೂರಿನ ಜಯನಗರದ ಸಂಜಯ್ ಗಾಂಧಿ ಸಂಸ್ಥೆ, ಹೀಗೆ ಮೂಳೆ ತಜ್ಞರಿರುವ ಕಡೆಗೆ ಹೋಗುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ಚೀಟಿ ಪಡೆದುಕೊಂಡರೆ ಆಯುಷ್ಮಾನ್ ಕಾರ್ಡಿನ ನೆರವು ಕೇಳುವುದು ಸುಲಭ.

“ಸೂಜಿ ಹಾಕಿ ತೆಗೆಸಿದರೆ ಮತ್ತೆ ಮತ್ತೆ ತುಂಬುತ್ತದೆ”, “ತೆಗೆಸದಿದ್ದರೆ ಕೀವಾಗುತ್ತದೆ”

ಒಂದೇ ಮನೆಯಲ್ಲಿ ಈ ಎರಡೂ ಮಾತು ಕೇಳಿಬರುತ್ತವೆ. ಎರಡೂ ತಪ್ಪು. ಮತ್ತೆ ತುಂಬುವುದು ಸೂಜಿಯಿಂದಲ್ಲ, ರಕ್ತ ಸೋರುವ ಕಾರಣ ಹಾಗೇ ಉಳಿದಿರುವುದರಿಂದ, ಇಲ್ಲವೇ ವಿಶ್ರಾಂತಿ ಕೊಡದೆ ಓಡಾಡಿದ್ದರಿಂದ. ಹಾಗೆಯೇ ಒಳಗಿನ ರಕ್ತ ತಾನಾಗಿ ಕೀವಾಗುವುದಿಲ್ಲ. ಸ್ವಲ್ಪ ರಕ್ತವಿದ್ದರೆ ದೇಹವೇ ಕೆಲವು ವಾರಗಳಲ್ಲಿ ಹೀರಿಕೊಳ್ಳುತ್ತದೆ.

ಮಂಡಿ ಬಿರಿಯುವಷ್ಟು ಬಿಗಿದು ನಿದ್ದೆಯೂ ಬಾರದಷ್ಟು ನೋವಿದ್ದಾಗ ರಕ್ತ ತೆಗೆಯುವುದರಿಂದ ನಿಮಿಷಗಳಲ್ಲೇ ಆರಾಮ ಸಿಗುತ್ತದೆ. ಇನ್ನೊಂದು ಲಾಭವೂ ಇದೆ: ತೆಗೆದ ರಕ್ತವನ್ನು ಬಟ್ಟಲಿನಲ್ಲಿ ಬಿಟ್ಟು ಸ್ವಲ್ಪ ಹೊತ್ತು ನೋಡಿದಾಗ ಸಾರಿನ ಮೇಲೆ ಎಣ್ಣೆ ತೇಲುವಂತೆ ಕೊಬ್ಬಿನ ಹನಿಗಳು ಮಿನುಗಿದರೆ ಮೂಳೆ ಮುರಿದು ಅದರ ಮಜ್ಜೆ ಕೀಲಿಗೆ ಸೋರಿದೆ ಎಂದು ತಿಳಿಯುತ್ತದೆ, ಎಕ್ಸ್‌ರೇಯಲ್ಲಿ ಬಿರುಕು ಕಾಣದಿದ್ದರೂ.

ಈ ಕೆಲಸ ಎಲ್ಲಿ ನಡೆಯುತ್ತದೆ ಎನ್ನುವುದು ಮುಖ್ಯ. ಚರ್ಮವನ್ನು ಶುದ್ಧಗೊಳಿಸಿ, ಹೊಸ ಸೂಜಿ ಬಳಸಿ, ಕೈಗವಸು ತೊಟ್ಟು ಮಾಡಬೇಕಾದ ಕೆಲಸವಿದು. ರಕ್ತ ತುಂಬಿದ ಕೀಲು ರೋಗಾಣುಗಳು ಬೆಳೆಯಲು ಹೇಳಿ ಮಾಡಿಸಿದ ಜಾಗ. ಸೂಜಿ ಹಾಕಿಸಿಕೊಂಡ ಮೇಲೆ ಜ್ವರ ಬಂದು, ಮಂಡಿ ಕೆಂಪಾಗಿ ಸುಡುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಸದಾಗಿ ಏಟಾದ ಮಂಡಿಗೆ ಹಳ್ಳಿಯ ಕ್ಲಿನಿಕ್ಕಿನಲ್ಲಿ ಸ್ಟಿರಾಯ್ಡ್ ಚುಚ್ಚಿಸಿಕೊಳ್ಳುವುದಂತೂ ಬೇಡವೇ ಬೇಡ.

“ನೋವಿಗೆ ಒಂದು ಇಂಜೆಕ್ಷನ್ ಹಾಕಿಸಿದರೆ ಆಯಿತು”

ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದ ನೋವುನಿವಾರಕಗಳು ರಕ್ತದ ಪ್ಲೇಟ್‌ಲೆಟ್‌ಗಳ ಕೆಲಸವನ್ನು ಸ್ವಲ್ಪ ಹೊತ್ತು ಮಂದ ಮಾಡುತ್ತವೆ. ಆಸ್ಪಿರಿನ್ ಪ್ರಭಾವ ಒಂದು ವಾರದವರೆಗೂ ಇರುತ್ತದೆ. ರಕ್ತ ಸೋರುತ್ತಿರುವ ಮೊದಲ ಎರಡು ದಿನ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಮತ್ತು ಐಸ್ ಸಾಕು.

ಇನ್ನು ಜಯದೇವ ಆಸ್ಪತ್ರೆಯಲ್ಲೋ ಬೇರೆಡೆಯೋ ಹೃದಯದ ಚಿಕಿತ್ಸೆ ಪಡೆದು ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿರುವವರು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಕವಾಟ ಬದಲಿಸಿದವರಿಗೆ ಅಸಿಟ್ರೋಮ್, ಸ್ಟೆಂಟ್ ಹಾಕಿದವರಿಗೆ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್. ಇಂಥವರಿಗೆ ಬಚ್ಚಲಲ್ಲಿ ಜಾರಿದ ಸಣ್ಣ ಏಟಿಗೂ ಮಂಡಿ ತುಂಬಬಹುದು. ಊತ ಕಂಡು ಹೆದರಿ ಮಾತ್ರೆಯನ್ನು ತಾವೇ ನಿಲ್ಲಿಸಿದರೆ ಕವಾಟದಲ್ಲಿ ಅಥವಾ ಸ್ಟೆಂಟಿನಲ್ಲಿ ಹೆಪ್ಪುಗಟ್ಟಿ ಪ್ರಾಣಕ್ಕೇ ಅಪಾಯ. ಮಾತ್ರೆ ನಿಲ್ಲಿಸುವುದು, ಬಿಡುವುದು ವೈದ್ಯರ ತೀರ್ಮಾನ. ಅಸಿಟ್ರೋಮ್ ನುಂಗುವವರು ರಕ್ತ ಎಷ್ಟು ತೆಳುವಾಗಿದೆ ಎಂದು ತಿಳಿಸುವ ಐಎನ್‌ಆರ್ ಪರೀಕ್ಷೆಯನ್ನು ಅದೇ ದಿನ ಮಾಡಿಸಬೇಕು.

“ಹುಡುಗನಿಗೆ ಆಗಾಗ ಮಂಡಿ ಊದುತ್ತೆ, ಅದು ವಾತ”

ಆಡುವ ಗಂಡು ಮಗುವಿಗೆ ಹೇಳಿಕೊಳ್ಳುವಂಥ ಏಟಿಲ್ಲದೆ ಮಂಡಿ ಊದುತ್ತಿದ್ದರೆ, ಅಂಬೆಗಾಲಿಡುವಾಗಲೇ ಮೈಮೇಲೆ ನೀಲಿ ಕಲೆಗಳಿದ್ದರೆ, ಹಲ್ಲು ಬಿದ್ದಾಗ ರಕ್ತ ನಿಲ್ಲಲು ಕಷ್ಟವಾಗಿದ್ದರೆ ಹಿಮೋಫಿಲಿಯಾ ಎಂದು ಅನುಮಾನಿಸಬೇಕು. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಅಥವಾ 9 ಹುಟ್ಟಿನಿಂದಲೇ ಕಡಿಮೆ ಇರುವ ಸ್ಥಿತಿ ಇದು. ಹೆಚ್ಚು ಕಾಣುವ ಎ ಬಗೆ ಸುಮಾರು 5,000 ಗಂಡು ಮಕ್ಕಳಲ್ಲಿ ಒಬ್ಬರಿಗಿರುತ್ತದೆ. ತಾಯಿಯ ಕಡೆಯಿಂದ ಬರುವಂಥದ್ದು. ಹಾಗಾಗಿ ಮಗುವಿನ ಸೋದರಮಾವನಿಗೆ ಇಂಥ ತೊಂದರೆ ಇತ್ತೇ ಎಂದು ವೈದ್ಯರು ಕೇಳುತ್ತಾರೆ. ಮೂರನೆಯ ಒಂದು ಭಾಗದವರ ಮನೆತನದಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ ಎಂಬುದೂ ನೆನಪಿರಲಿ. ಹೆಣ್ಣು ಮಕ್ಕಳಿಗೆ ಬರುವುದೇ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಹಿಮೋಫಿಲಿಯಾ ಇರುವ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟರೆ, ಆಕೆಯೂ ಆ ದೋಷದ ವಾಹಕಿಯಾಗಿದ್ದ ಪಕ್ಷದಲ್ಲಿ, ಹೆಣ್ಣು ಮಗುವಿಗೂ ಬರಬಹುದು. ಸೋದರಮಾವನ ಸಂಬಂಧ ಇನ್ನೂ ನಡೆಯುವ ನಮ್ಮ ಸೀಮೆಯಲ್ಲಿ ಇದು ಪುಸ್ತಕದ ಮಾತಲ್ಲ.

ಈ ಮಕ್ಕಳಿಗೆ ಚಿಕಿತ್ಸೆಯ ಕ್ರಮವೇ ಬೇರೆ. ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನು. ಫ್ಯಾಕ್ಟರ್ ಕೊಡದೆ ಕೀಲಿಗೆ ಸೂಜಿ ಹಾಕಬಾರದು, ಸ್ನಾಯುವಿಗೆ ಇಂಜೆಕ್ಷನ್ ಕೊಡಬಾರದು, ಆಸ್ಪಿರಿನ್, ಡೈಕ್ಲೋಫೆನಾಕ್ ದೂರವಿರಬೇಕು. ಒಮ್ಮೆ ಬಂದುಹೋದ ರಕ್ತ ಕೀಲಿಗೆ ಬಹಳ ಹಾನಿ ಮಾಡದಿರಬಹುದು. ಆದರೆ ಒಂದೇ ಕೀಲಿಗೆ ಮತ್ತೆ ಮತ್ತೆ ರಕ್ತ ಬಿದ್ದರೆ ಅದರಲ್ಲಿನ ಕಬ್ಬಿಣಾಂಶ ಮೃದ್ವಸ್ಥಿಯನ್ನು ತಿಂದುಹಾಕುತ್ತದೆ, ಇಪ್ಪತ್ತರ ಹುಡುಗನಿಗೆ ಎಪ್ಪತ್ತರ ಮಂಡಿ ಬರುತ್ತದೆ. ಕರ್ನಾಟಕದಲ್ಲಿ ಈ ವಿಷಯ ಬೆಳಕಿಗೆ ತಂದವರಲ್ಲಿ ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಮುಖ್ಯರು. ಸ್ವತಃ ಹಿಮೋಫಿಲಿಯಾ ಇರುವ ಈ ವೈದ್ಯರು ಕಟ್ಟಿದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಅಲ್ಲಿಂದಲೇ ಕೆಲಸ ಮಾಡುತ್ತಿದೆ. ದುಬಾರಿಯಾದ ಫ್ಯಾಕ್ಟರ್ ಈಗ ಸರ್ಕಾರಿ ಆಸ್ಪತ್ರೆಗಳ ಮೂಲಕ ಉಚಿತವಾಗಿ ದೊರೆಯುತ್ತದೆ. ಮನೆಯವರು ಮೊದಲೇ ಹೆಸರು ನೋಂದಾಯಿಸಿಕೊಂಡಿರಬೇಕು, ಅಷ್ಟೆ.

“ಎಸಿಎಲ್ ಹರಿದರೆ ಆಪರೇಷನ್ ಆಗಲೇಬೇಕು, ಅದೂ ಕೂಡಲೇ”

ಸ್ವೀಡನ್ನಿನಲ್ಲಿ ಎಸಿಎಲ್ ಹರಿದ 121 ಮಂದಿ ಚಟುವಟಿಕೆಯ ಯುವಜನರನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಆಮೇಲೆ ಶಸ್ತ್ರಚಿಕಿತ್ಸೆ. ಎರಡು ವರ್ಷದ ಕೊನೆಗೆ ಎರಡೂ ಗುಂಪಿನ ಮಂಡಿಗಳ ಸ್ಥಿತಿ ಸರಿಸುಮಾರು ಒಂದೇ. ಐದು ವರ್ಷವಾದರೂ ಎರಡನೆಯ ಗುಂಪಿನ ಅರ್ಧದಷ್ಟು ಜನ ಶಸ್ತ್ರಚಿಕಿತ್ಸೆ ಇಲ್ಲದೆಯೇ ಇದ್ದರು. ಕಬಡ್ಡಿ, ಫುಟ್‌ಬಾಲ್ ಬಿಡಲಾಗದವರಿಗೆ, ಮಂಡಿ ಪದೇಪದೇ ಕೈಕೊಡುವವರಿಗೆ, ಭಾರ ಹೊತ್ತು ಹಲಗೆ ಏರಬೇಕಾದ ಹಮಾಲಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಊದಿದ, ಬಿಗಿದ ಮಂಡಿಯ ಮೇಲೆ ಅವಸರದಲ್ಲಿ ಮಾಡಿದರೆ ಅದು ಇನ್ನಷ್ಟು ಬಿಗಿದುಕೊಳ್ಳುವ ಸಂಭವ ಹೆಚ್ಚು. ಊತ ಇಳಿದು ಮಂಡಿ ಸಲೀಸಾಗಿ ಮಡಚುವವರೆಗೆ ಕಾಯುವುದು ರೂಢಿ. ಕೀಲಿನೊಳಗೆ ಮೂಳೆ ಮುರಿದಿದ್ದರೆ, ಮೆನಿಸ್ಕಸ್ ಸಿಕ್ಕಿಕೊಂಡು ಮಂಡಿ ಲಾಕ್ ಆಗಿದ್ದರೆ ಮಾತ್ರ ಹೆಚ್ಚು ಕಾಯುವಂತಿಲ್ಲ.

ಶಸ್ತ್ರಚಿಕಿತ್ಸೆ ಆದರೂ ಎರಡು ತಿಂಗಳಲ್ಲಿ ಆಟಕ್ಕಿಳಿಯುವ ಲೆಕ್ಕ ಬೇಡ. 2022ರ ಡಿಸೆಂಬರ್ 30ರ ಕಾರು ಅಪಘಾತದಲ್ಲಿ ಮಂಡಿಯ ಲಿಗಮೆಂಟ್‌ಗಳನ್ನು ಹರಿದುಕೊಂಡ ಕ್ರಿಕೆಟಿಗ ರಿಷಭ್ ಪಂತ್, ಮುಂಬೈಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಬೆವರು ಸುರಿಸಿ ಮೈದಾನಕ್ಕೆ ಮರಳಿದ್ದು 2024ರ ಮಾರ್ಚ್‌ನಲ್ಲಿ.

“ಪೂರ್ತಿ ವಾಸಿಯಾಗುವವರೆಗೆ ಕಾಲು ಅಲುಗಿಸಬಾರದು”

ಕೀಲಿನಲ್ಲಿ 20–30 ಮಿಲಿ ದ್ರವ ಹೆಚ್ಚಾದರೂ ಸಾಕು, ತೊಡೆಯ ಮುಂದಿನ ಸ್ನಾಯು ಸರಿಯಾಗಿ ಬಿಗಿಯಲಾರದು. ಅದರ ಮೇಲೆ ವಾರಗಟ್ಟಲೆ ಮಲಗಿದರೆ ತೊಡೆ ಕಣ್ಣಿಗೆ ಕಾಣುವಷ್ಟು ಸೊರಗುತ್ತದೆ. ಮೂಳೆ ಮುರಿದಿಲ್ಲ ಎಂದು ಖಚಿತವಾದ ಮೇಲೆ ವೈದ್ಯರು ಹೇಳಿದ ದಿನದಿಂದಲೇ ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಅದನ್ನು ಒತ್ತಿ ಹಿಡಿಯುವುದು, ಕಾಲು ನೇರ ಮಾಡಿ ಎತ್ತುವುದು, ನಿಧಾನವಾಗಿ ಮಡಚುವುದು ಶುರುವಾಗಬೇಕು. ಟವೆಲ್ ಸುರುಳಿ ವ್ಯಾಯಾಮದ ಹೊತ್ತಿಗಷ್ಟೇ.

ಇನ್ನು ಊಟದ ಮಾತು: ಬದನೆಕಾಯಿ ನಂಜು, ಕಾಲುಸೂಪು ಕುಡಿದರೆ ಲಿಗಮೆಂಟ್ ಕೂಡುತ್ತದೆ ಎಂಬುವು ಕಾಲಿಗೆ ಕುತ್ತಿಲ್ಲದ ನಂಬಿಕೆಗಳು. ಸೂಪು ಕುಡಿಯಿರಿ, ಮುದ್ದೆ ಉಣ್ಣಿ, ಬದನೆಕಾಯಿ ಎಣ್ಣೆಗಾಯಿ ಬೇಕಿದ್ದರೆ ಅದನ್ನೂ ತಿನ್ನಿ.

“ಫ್ಲೋರೈಡ್ ನೀರು ಕುಡಿದವರಿಗೆ ಮಂಡಿ ಹೀಗೇ”

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ, ಹಿರಿಯರ ಕೀಲುಗಳು ಅದರಿಂದ ಬಿಗಿದಿವೆ, ನಿಜ. ಆದರೆ ಅದು ವರ್ಷಗಳಲ್ಲಿ ಆಗುವಂಥದ್ದು. ಬಿದ್ದ ಒಂದು ಗಂಟೆಗೆ ಊದಿದ ಅಜ್ಜಿಯ ಮಂಡಿಯನ್ನು ಅದೇ ಲೆಕ್ಕಕ್ಕೆ ಸೇರಿಸಿ ಮೂಲೆಯಲ್ಲಿ ಕೂರಿಸಬೇಡಿ. ಆ ವಯಸ್ಸಿನ ಮೂಳೆ ಸಣ್ಣ ಏಟಿಗೂ ಬಿರಿಯುತ್ತದೆ.

ಆಸ್ಪತ್ರೆಗೆ ಹೊರಡುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಪೆಟ್ಟು ಬಿದ್ದ ಹೊತ್ತು, ಊತ ಕಾಣಿಸಿದ ಹೊತ್ತು, ಸದ್ದು ಕೇಳಿತೇ, ನಾಲ್ಕು ಹೆಜ್ಜೆ ಇಡಲಾಯಿತೇ, ಮೊದಲೇ ಏನಾದರೂ ನೀವಿಸಿದಿರಾ ಅಥವಾ ಕಟ್ಟಿಸಿದಿರಾ. ದಿನವೂ ನುಂಗುವ ಮಾತ್ರೆಗಳ ಪಟ್ಟಿಯನ್ನು ಮರೆಯದೆ ಜೊತೆಗಿಟ್ಟುಕೊಳ್ಳಿ. ನೀವಿಸಿದ್ದರೆ, ಕಟ್ಟಿಸಿದ್ದರೆ ಮುಚ್ಚಿಡಬೇಡಿ. ವೈದ್ಯರು ಬೈಯಬಹುದು, ಆದರೆ ಅದು ಗೊತ್ತಿದ್ದರೆ ಮುಂದಿನ ಚಿಕಿತ್ಸೆ ತಪ್ಪುವುದಿಲ್ಲ.